ಭಾವನ ಲಾಸ್ಟ್ ರೆಸಾರ್ಟು

ನಮ್ಮ ಭಾವ ಇಂಗ್ಲಿಷಿಗೆ ಹೆದರಿದವರಲ್ಲ. ಇಂಗ್ಲಿಷೇ ಅವರನ್ನು ಕಂಡು ಆಗೀಗ ದಾರಿ ಬಿಟ್ಟು ನಿಂತದ್ದುಂಟು. ನೀರು ಸರಬರಾಜು ಕಚೇರಿಯ ಮೀಟರ್ ರಿಪೇರಿ ವಿಭಾಗದಲ್ಲಿ ಅವರ ಕೆಲಸ. ಕೆಟ್ಟು ನಿಂತ ಮೀಟರುಗಳನ್ನು ಬಿಚ್ಚಿ, ಒಳಗಿನ ಹಲ್ಲುಚಕ್ರಗಳನ್ನು ಬ್ರಷ್ಷಿನಿಂದ ಉಜ್ಜಿ, ಸವೆದ ವಾಷರ್ ಬದಲಾಯಿಸಿ, ಅಳತೆಯ ಡ್ರಮ್ಮಿಗೆ ನೀರು ಬಿಟ್ಟು, ಮುಳ್ಳು ಸರಿಯಾಗಿ ತಿರುಗುತ್ತದೋ ಇಲ್ಲವೋ ನೋಡುವುದು. ಈ ಕೆಲಸಕ್ಕೆ ಇಂಗ್ಲಿಷ್ ಬೇಕಾಗಿಲ್ಲ. ಆದರೆ ಮೀಟರಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಏನೇನೋ ಕೊರೆದಿರುತ್ತದಲ್ಲ, ಅದನ್ನು ಓದಿ ಓದಿ ಭಾವನಿಗೆ ಆ ಭಾಷೆಯ ಮೇಲೆ ಒಂದು ಹಿಡಿತ ಬಂದಿತ್ತು. ಹಿಡಿತ ಎಂದರೆ, ಬಸ್ಸಿನಲ್ಲಿ ನಿಂತವರು ಮೇಲಿನ ಸರಳನ್ನು ಹಿಡಿದುಕೊಳ್ಳುವಂಥ ಹಿಡಿತ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆ ವಿಷಯ.

ಕೆಳಗಿನ ಮನೆಯಲ್ಲಿ ನಾನಿದ್ದೆ, ಮೇಲಿನ ಮನೆಯಲ್ಲಿ ಅಕ್ಕ, ಭಾವ. ಕಟ್ಟಡದವರೆಲ್ಲ ಭಾವನನ್ನು ‘ಡಿಕ್ಷನರಿ’ ಎಂದೇ ಕರೆಯುತ್ತಿದ್ದರು. ಔಷಧಿಯ ಬಾಟಲಿ, ಮಿಕ್ಸಿಯ ಜೊತೆ ಬಂದ ಚೀಟಿ, ಹೀಗೆ ಮನೆಗೆ ಏನೇ ಇಂಗ್ಲಿಷ್ ಬಂದರೂ ಜನ ಮೆಟ್ಟಿಲು ಹತ್ತಿ ಅವರ ಬಾಗಿಲು ತಟ್ಟುತ್ತಿದ್ದರು. ಭಾವ ಕನ್ನಡಕ ಏರಿಸಿ, ಒಂದು ಸಲ ಕೆಮ್ಮಿ, ಅರ್ಥ ಹೇಳುತ್ತಿದ್ದರು. ಒಮ್ಮೆ ಪಕ್ಕದ ಮನೆಗೆ ಬಂದ ಪಾರ್ಸೆಲ್ಲಿನ ಮೇಲೆ ಕೆಂಪಕ್ಷರದಲ್ಲಿ ‘ಫ್ರಜೈಲ್’ ಎಂದಿತ್ತು. ಒಡೆಯುವ ಸಾಮಾನು, ಜೋಪಾನ ಎಂದು ಅದರ ಅರ್ಥ. ಭಾವ ಅದನ್ನು ಕಳಿಸಿದವರ ಮನೆತನದ ಹೆಸರು ಅಂದರು. ಪಕ್ಕದ ಮನೆಯಾಕೆ, ಆ ಮನೆತನದವರು ನಮಗೆ ಯಾವ ಕಡೆಯಿಂದ ಸಂಬಂಧವಾಗಬೇಕು ಎಂದು ವಾರವೆಲ್ಲ ತಲೆ ಕೆಡಿಸಿಕೊಂಡಳು.

ಇದನ್ನು ಕೇಳಿ ಅವರನ್ನು ಡಂಭದ ಮನುಷ್ಯ ಅಂದುಕೊಂಡರೆ ತಪ್ಪು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೆ. ‘ಗೊತ್ತಿಲ್ಲ’ ಎಂಬ ಒಂದು ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಎಷ್ಟೋ ಓದಿದವರು ಒಂದು ಪದದ ಅರ್ಥ ಗೊತ್ತಿದ್ದೂ ಅದನ್ನು ಬಳಸಲು ಹಿಂದುಮುಂದು ನೋಡುತ್ತಾರೆ. ನಮ್ಮ ಭಾವ ಗೊತ್ತಿಲ್ಲದೆಯೂ ಬಳಸುತ್ತಿದ್ದರು. ಆ ಧೈರ್ಯಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಹೀಗಿರುವಾಗ ಅವರ ಬಲಮಂಡಿ ಕೈಕೊಟ್ಟಿತು. ವರ್ಷಗಟ್ಟಲೆ ಕುಳ್ಳ ಸ್ಟೂಲಿನ ಮೇಲೆ ಮಡಿಚಿ ಕೂತ ಕಾಲು, ಇನ್ನು ನನ್ನ ಕೈಲಾಗದು ಎಂದು ಕುಳಿತುಬಿಟ್ಟಿತು. ಮೆಟ್ಟಿಲು ಹತ್ತುವಾಗ ಅದರೊಳಗಿಂದ ಕಟಕಟ ಸದ್ದು ಬರುತ್ತಿತ್ತು. ಭಾವ ಕಚೇರಿಯ ಅಭ್ಯಾಸದಂತೆ ಮೊದಲು ವಾಷರ್ ಹೋಗಿರಬೇಕು ಅಂದರು. ಆಮೇಲೆ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ಒಳ್ಳೆಯವರು. ರೋಗಿಯನ್ನು ಗಾಬರಿಪಡಿಸಬಾರದು ಎಂದು ಆಪರೇಷನ್ ಎಂಬ ಪದವನ್ನೇ ಬಾಯಿಗೆ ತರುತ್ತಿರಲಿಲ್ಲ. ಬೆಳಿಗ್ಗೆ ನಡಿಗೆ, ಸಂಜೆ ವ್ಯಾಯಾಮ, ಜೊತೆಗೆ ಮಾತ್ರೆ, ಮಂಡಿಗೆ ಹಾಕಿಕೊಳ್ಳಲು ಪಟ್ಟಿ, ಎಲ್ಲ ಹೇಳಿ ಕೊನೆಗೆ, “ಇದ್ಯಾವುದಕ್ಕೂ ಬಗ್ಗಲಿಲ್ಲ ಅಂದ್ರೆ ಲಾಸ್ಟ್ ರೆಸಾರ್ಟ್ ಅಂತ ಒಂದು ಇದ್ದೇ ಇದೆಯಲ್ಲ, ಆಗ ನೋಡೋಣ” ಅಂದರು. ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ ಹಿಡಿಯುವ ಕಡೆಯ ದಾರಿ ಎಂಬುದು ಡಾಕ್ಟರ ಮನಸ್ಸಿನಲ್ಲಿದ್ದ ಅರ್ಥ. ಭಾವನ ಕಿವಿಗೆ ಬಿದ್ದದ್ದು ಮಾತ್ರ ಈಜುಕೊಳ, ಬೆತ್ತದ ಕುರ್ಚಿ, ಬಣ್ಣದ ಛತ್ರಿ ಇರುವ ರೆಸಾರ್ಟು. ಲಾಸ್ಟ್ ಎಂಬುದು ಅದರ ಹೆಸರು. ರಸ್ತೆ ಮುಗಿಯುವ ಕಡೆ ಇದ್ದೀತು, ಅದಕ್ಕೆ ಹಾಗೆ ಕರೆದಿದ್ದಾರೆ ಎಂದು ಅವರೇ ಅರ್ಥವನ್ನೂ ಹೊಂದಿಸಿಕೊಂಡರು.

ಅಲ್ಲಿಗೆ ಹೋದರೆ ಮಂಡಿ ಖಂಡಿತ ಸರಿಹೋಗುತ್ತದೆಯೇ ಎಂದು ಭಾವ ಕೇಳಿದರು. ಬಹಳ ಜನಕ್ಕೆ ಸರಿಹೋಗಿದೆ, ಆದರೆ ಅಲ್ಲಿಯವರೆಗೂ ಹೋಗುವುದು ಬೇಡ ಎಂದೇ ನನ್ನ ಆಸೆ, ಸುಮ್ಮನೆ ಖರ್ಚು ಎಂದರು ಡಾಕ್ಟರು. ಎಂಥ ಮರ್ಯಾದಸ್ಥ ಡಾಕ್ಟರು, ನಮ್ಮ ಜೇಬಿನ ಅಳತೆ ತಿಳಿದು ಮಾತಾಡುತ್ತಾರೆ ಎಂದು ಭಾವ ಮನೆಗೆ ಬಂದು ಹೊಗಳಿದರು.

ನಮ್ಮ ಅಕ್ಕನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅಕ್ಕ ಮನೆಯಲ್ಲೇ ಕೂತು ಅಂಗಡಿಯವರಿಗೆ ಕಿಟಕಿ ಪರದೆ ಹೊಲಿದುಕೊಡುತ್ತಿದ್ದಳು. ಸಮುದ್ರ, ಬೆಟ್ಟ, ಹಾಯಿದೋಣಿ, ಏನೇನು ಚಿತ್ರದ ಬಟ್ಟೆ ಉಂಟೋ ಎಲ್ಲವೂ ಅವಳ ಮೆಷಿನ್ನಿನ ಕೆಳಗೆ ಹಾದುಹೋಗಿದ್ದವು. ಅವಳು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೊರಟ ಪ್ರಯಾಣ ಊರಿನ ದೊಡ್ಡ ಪೈಪು ಒಡೆದು ನಿಂತುಹೋಯಿತು. ಆಮೇಲೆ ಹೊರಟಾಗಲೆಲ್ಲ ಯಾರದೋ ಮೀಟರು ಅಡ್ಡ ಬಂತು. ಅಕ್ಕ ಜಗಳವಾಡಲಿಲ್ಲ. ಬ್ಯಾಗನ್ನು ಅಟ್ಟದ ಮೇಲೆ ಹಾಕಿ, ಅಟ್ಟಕ್ಕೆ ಪರದೆ ಹೊಲಿದು ಹಾಕಿದಳು.

ಭಾವ ಲಾಸ್ಟ್ ರೆಸಾರ್ಟಿನ ಸುದ್ದಿ ಹೇಳಿದಾಗ ಅವಳ ಮೆಷಿನ್ ನಿಂತಿತು. ಎರಡು ವಿಷಯ ಕೇಳಿದಳು. ಅಲ್ಲಿಗೆ ಜೊತೆಯಲ್ಲಿ ಹೆಂಡತಿಯನ್ನು ಬಿಡುತ್ತಾರೆಯೇ? ಬಿಡುತ್ತಾರೆ, ರೋಗಿಯನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದರು ಭಾವ. ಯಾವಾಗ ಹೋಗುವುದು? ನಡಿಗೆ, ವ್ಯಾಯಾಮ, ಮಾತ್ರೆ, ಯಾವುದಕ್ಕೂ ಮಂಡಿ ಬಗ್ಗದಿದ್ದರೆ ಹೋಗುವುದು. ಅಕ್ಕ ತಲೆಯಾಡಿಸಿ ಮತ್ತೆ ಮೆಷಿನ್ ತುಳಿದಳು.

ಮಾರನೆಯ ಬೆಳಿಗ್ಗೆ ಭಾವ ನಡಿಗೆಗೆ ಹೊರಟರೆ ಅವರ ಬೂಟು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಕೊಳೆಯಾಗಿತ್ತು, ತೊಳೆಯಲು ಹಾಕಿದೆ ಎಂದಳು ಅಕ್ಕ. ಅದರ ಮರುದಿನ ಬೂಟು ಒಣಗಿರಲಿಲ್ಲ. ಬೂಟು ಒಣಗಿದ ದಿನ ಮಂಡಿಪಟ್ಟಿ ಕಾಣಲಿಲ್ಲ. ಸಂಜೆ ವ್ಯಾಯಾಮಕ್ಕೆ ಚಾಪೆ ಹಾಸಿದರೆ ಸರಿಯಾಗಿ ಅದೇ ಹೊತ್ತಿಗೆ ಬಾಣಲೆಯಿಂದ ಘಮಘಮ ವಾಸನೆ ಬರುತ್ತಿತ್ತು. ನಮ್ಮ ಅಕ್ಕ ಗಂಡನ ಕಾಲಿಗೆ ಕೆಟ್ಟದ್ದು ಬಯಸುವವಳಲ್ಲ. ಕಾಲು ರೆಸಾರ್ಟಿನಲ್ಲಿ ವಾಸಿಯಾಗಲಿ, ಇಲ್ಲಿಯೇ ಆತುರಪಡುವುದು ಬೇಡ ಎಂಬುದಷ್ಟೇ ಅವಳ ಇಚ್ಛೆ.

ಅತ್ತ ಭಾವನದೂ ಅದೇ ಕತೆ. ಮಾತ್ರೆಯಿಂದಲೋ ಏನೋ ನೋವು ಸ್ವಲ್ಪ ಇಳಿದಿತ್ತು. ಅದನ್ನು ಹೆಂಡತಿಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಅಟ್ಟದ ಬ್ಯಾಗು ಕೆಳಗಿಳಿದು, ಧೂಳು ಕೊಡವಿಸಿಕೊಂಡು, ಬಾಲ್ಕನಿಯಲ್ಲಿ ಬಿಸಿಲು ಕಾಯುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಭಾವ ಜೋರಾಗಿ ಕುಂಟುತ್ತಿದ್ದರು. ಒಂದೊಂದು ಸಲ ಅವಸರದಲ್ಲಿ ಎಡಗಾಲನ್ನು ಕುಂಟಿಸುತ್ತಿದ್ದರು. ಅಕ್ಕ ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು.

ಸುದ್ದಿ ಕಟ್ಟಡದಲ್ಲಿ ಹಬ್ಬಿತು. ಎದುರು ಮನೆಯ ನಿವೃತ್ತ ಟೈಪಿಸ್ಟರು ಇಂಗ್ಲಿಷಿನಲ್ಲಿ ತಾವೂ ಕಡಿಮೆಯಲ್ಲ ಎಂದು ಭಾವಿಸಿದವರು. ಅವರು ಲಾಸ್ಟ್ ರೆಸಾರ್ಟಿನ ಹೆಸರು ಕೇಳಿದೊಡನೆ ಕಣ್ಣು ಮುಚ್ಚಿ ತಲೆದೂಗಿದರು. ತಮ್ಮ ಷಡ್ಡಕ ಹಿಂದೊಮ್ಮೆ ಅಲ್ಲಿ ಉಳಿದಿದ್ದನೆಂದೂ, ಊಟ ಅಷ್ಟಕ್ಕಷ್ಟೇ ಆದರೂ ಗಾಳಿ ಬಹಳ ಚೆನ್ನಾಗಿದೆಯೆಂದೂ, ಕೋಣೆ ಕೇಳುವಾಗ ಪೂರ್ವ ದಿಕ್ಕಿನದನ್ನೇ ಕೇಳಬೇಕೆಂದೂ ತಿಳಿಸಿದರು. ಇದಾದ ಮೇಲೆ ನನಗಾಗಲಿ ಇನ್ನೊಬ್ಬರಿಗಾಗಲಿ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಆಮೇಲೆ ದೊಡ್ಡಕ್ಕ ಬಂದರು. ದೊಡ್ಡಕ್ಕ ಎಂದರೆ ಭಾವನ ಒಡಹುಟ್ಟಿದ ಅಕ್ಕ. ಅವರಿಗೆ ಸುದ್ದಿ ತಲುಪಿದ ದಿನವೇ ಸೊಂಟ ಹಿಡಿದುಕೊಂಡಿತಂತೆ. ತಮ್ಮನಿಗೆ ಮಂಡಿಗೆ ರೆಸಾರ್ಟು ಬರೆದುಕೊಟ್ಟರೆ ತಮಗೆ ಸೊಂಟಕ್ಕೆ ಯಾಕೆ ಬರೆಯುವುದಿಲ್ಲ ಎಂದು ಸೂಟ್‌ಕೇಸಿನ ಸಮೇತ ಬಂದು ನಡುಮನೆಯಲ್ಲಿ ಕೂತರು. ಅವರ ಸೊಂಟ ಸೂಟ್‌ಕೇಸನ್ನು ಮಹಡಿ ಹತ್ತಿಸುವಾಗ ಎಲ್ಲಿ ಹೋಗಿತ್ತು ಎಂದು ಯಾರೂ ಕೇಳಲಿಲ್ಲ.

ಕೊನೆಗೊಂದು ಭಾನುವಾರ ಅಕ್ಕ, ಭಾವ ಎದುರೆದುರು ಕೂತು ಮಂಡಿಯ ವಿಷಯವನ್ನು ಗಂಭೀರವಾಗಿ ಚರ್ಚಿಸಿ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಲಾಸ್ಟ್ ರೆಸಾರ್ಟೇ ಗತಿ ಎಂದು ತೀರ್ಮಾನಿಸಿದರು. ಶುಕ್ರವಾರ ಹೊರಡುವುದು. ವಿಳಾಸವನ್ನು ಹೊರಡುವ ಬೆಳಿಗ್ಗೆ ಡಾಕ್ಟರ ಹತ್ತಿರ ಕೇಳಿಕೊಳ್ಳುವುದು. ಉಳಿದದ್ದು ರಜೆ ಕೇಳುವುದು.

ಇನ್ನು ಮುಂದಿನದನ್ನು ನನಗೆ ಹೇಳಿದ್ದು ಭಾವನ ಕಚೇರಿಯ ಸ್ಟೋರ್ ಕೀಪರು. ಭಾವನ ಮೇಲಧಿಕಾರಿ ಹೊಸಬರು, ಮೆತ್ತಗಿನ ಮನುಷ್ಯ. ಕೆಲವೇ ದಿನಗಳ ಹಿಂದೆ ನೌಕರರ ಮನಸ್ಸನ್ನು ಅರ್ಥಮಾಡಿಕೊಳ್ಳುವುದು ಹೇಗೆ ಎಂಬ ತರಬೇತಿ ಮುಗಿಸಿ ಬಂದಿದ್ದರು. ಮನಸ್ಸಿನಲ್ಲೇ ಕುಗ್ಗಿದ ನೌಕರ ಇದ್ದಕ್ಕಿದ್ದಂತೆ ಶಾಂತನಾಗುತ್ತಾನೆ, ಬಾಕಿ ಕೆಲಸವನ್ನೆಲ್ಲ ಮುಗಿಸುತ್ತಾನೆ, ತನ್ನ ಪ್ರೀತಿಯ ವಸ್ತುಗಳನ್ನು ಇತರರಿಗೆ ಕೊಡುತ್ತಾನೆ ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ಅಧಿಕಾರಿ ಅಂದಿನಿಂದ ಯಾರಾದರೂ ಕುಗ್ಗಿಯಾರೇ ಎಂದು ಕಾಯುತ್ತಿದ್ದರು.

ಭಾವ ಸೋಮವಾರ ಅವರ ಕೋಣೆಗೆ ಹೋದರು. ಮುಖದಲ್ಲಿ ಶಾಂತಿ ತುಂಬಿ ತುಳುಕುತ್ತಿತ್ತು.

“ಸರ್, ಈ ಮಂಡಿ ಜೊತೆ ಗುದ್ದಾಡಿ ಸಾಕಾಯ್ತು. ಎಲ್ಲಾ ಮಾಡಿ ನೋಡಿದೆ. ಇನ್ನು ನನಗೆ ಲಾಸ್ಟ್ ರೆಸಾರ್ಟ್ ಒಂದೇ ಉಳಿದಿರೋದು.”

ಅಧಿಕಾರಿ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಹಾಗೆಲ್ಲ ಮಾತಾಡಬಾರದು, ಮನೆಯಲ್ಲಿ ಹೆಂಡತಿ ಇಲ್ಲವೇ ಎಂದು ಕೇಳಿದರು.

“ಅವಳೂ ನನ್ನ ಜೊತೆಗೇ ಬರ್ತಾಳೆ ಸರ್. ಇಬ್ರೂ ಕೂತು ತೀರ್ಮಾನ ಮಾಡಿದೀವಿ. ಎಷ್ಟೋ ವರ್ಷ ಆದ್ಮೇಲೆ ಅವಳ ಮುಖದಲ್ಲಿ ನಗು ನೋಡಿದೆ.”

“ಯಾವಾಗ ಅಂತ…”

“ಶುಕ್ರವಾರ. ಗುರುವಾರದ ಹೊತ್ತಿಗೆ ನನ್ನ ಮೇಜಿನ ಕೆಲಸ ಎಲ್ಲಾ ಮುಗಿಸಿಬಿಡ್ತೀನಿ, ನನ್ನಿಂದ ಯಾರಿಗೂ ತೊಂದ್ರೆ ಆಗಬಾರದು.”

ಅಧಿಕಾರಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ತರಬೇತಿಯಲ್ಲಿ ಹೇಳಿಕೊಟ್ಟಂತೆ, ಮುಂದಿನ ದಿನಗಳ ಬಗ್ಗೆ ಮಾತೆತ್ತಿ ಆಸೆ ಹುಟ್ಟಿಸಲು ನೋಡಿದರು. ವಾಪಸ್ಸು ಬರುವುದು ಯಾವಾಗ ಎಂದು ಕೇಳಿದರು.

ಭಾವ ನಕ್ಕರು. “ಅಲ್ಲಿಗೆ ಹೋದೋರಿಗೆ ವಾಪಸ್ ಬರೋ ಮನಸ್ಸೇ ಆಗಲ್ಲ ಅಂತಾರೆ ಸರ್. ನೋಡೋಣ.”

ಅವರು ಹೊರಗೆ ಹೋದ ಕೂಡಲೇ ಅಧಿಕಾರಿ ಬಾಗಿಲು ಹಾಕಿಕೊಂಡು ಒಂದು ಲೋಟ ನೀರು ಕುಡಿದರು. ಆಮೇಲೆ ಉಳಿದವರನ್ನೆಲ್ಲ ಗುಟ್ಟಾಗಿ ಕರೆದು, ನಮ್ಮ ಮೀಟರ್ ವಿಭಾಗದವರು ಮಾಡಬಾರದ್ದು ಏನೋ ಮಾಡಿಕೊಳ್ಳಲು ಹೊರಟಿದ್ದಾರೆ, ಹೆಂಡತಿಯೂ ಒಪ್ಪಿದ್ದಾಳೆ, ಅವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು, ಅವರು ಎಷ್ಟು ಬೇಕಾದವರು ಎಂಬುದನ್ನು ಅವರಿಗೆ ಮನದಟ್ಟು ಮಾಡಬೇಕು ಎಂದು ಅಪ್ಪಣೆ ಮಾಡಿದರು. ಯಾರಿಗೂ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಸ್ಟೋರ್ ಕೀಪರು ಜೇಬಿನಿಂದ ಒಂದು ಸ್ಕ್ರೂಡ್ರೈವರು ತೆಗೆದು ಮೇಜಿನ ಮೇಲಿಟ್ಟರು. ಮರದ ಹಿಡಿಯ, ತುದಿ ಸಣ್ಣಗೆ ಸವೆದ, ಭಾವ ಯಾರಿಗೂ ಮುಟ್ಟಲು ಕೊಡದ ಸ್ಕ್ರೂಡ್ರೈವರು ಅದು. ನಾನಿಲ್ಲದಾಗ ಬೇಕಾದೀತು, ನೀವೇ ಇಟ್ಟುಕೊಳ್ಳಿ ಎಂದು ಅಂದು ಬೆಳಿಗ್ಗೆ ಕೊಟ್ಟಿದ್ದರಂತೆ. ಅದನ್ನು ಕಂಡ ಮೇಲೆ ಎಲ್ಲರೂ ನಂಬಿದರು.

ಆ ನಾಲ್ಕು ದಿನ ನಮ್ಮ ಭಾವನಿಗೆ ನಡೆದಂಥ ಉಪಚಾರ ಯಾವ ಅಳಿಯನಿಗೂ ನಡೆದಿರಲಾರದು. ಅಳತೆಯ ಡ್ರಮ್ಮಿನ ಪಕ್ಕ ಒಬ್ಬರು ಕಾವಲು ಕೂತರು. ಬ್ಲೇಡು, ಕತ್ತರಿ, ಟ್ಯೂಬಿನ ತುಂಡು ಎಲ್ಲ ಸ್ಟೋರಿಗೆ ಹೋಗಿ ಬೀಗ ಬಿತ್ತು. ಭಾವ ಕೈ ತೊಳೆಯಲು ಎದ್ದರೆ ಇಬ್ಬರು ಎದ್ದು ಜೊತೆಗೆ ಹೋಗಿ ತಾವೂ ಕೈ ತೊಳೆದುಕೊಂಡು ಬಂದರು.

ಮತ್ತು ಹೊಗಳಿಕೆ. ಮೊದಮೊದಲು ಅಪ್ಪಣೆಯಾಗಿದೆ ಎಂದು ಶುರುಮಾಡಿದವರು ಹೊಗಳುತ್ತಾ ಹೊಗಳುತ್ತಾ ತಾವೇ ಬೆರಗಾದರು. ಬಿಲ್ ವಿಭಾಗದಾಕೆ, ತನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ತನ್ನ ಪಾಲಿನ ಕೆಲಸವನ್ನೂ ಇವರು ಮಾಡಿ ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿ ಕಣ್ಣೊರೆಸಿಕೊಂಡಳು. ಡ್ರೈವರು, ಒಬ್ಬಂಟಿ ಮುದುಕಿಯ ಮನೆಯ ನಲ್ಲಿ ಸೋರುತ್ತಿದ್ದುದಕ್ಕೆ ಇವರು ಊಟ ಬಿಟ್ಟು ಹೋಗಿ ಸರಿಮಾಡಿಕೊಟ್ಟದ್ದನ್ನು ನೆನೆಸಿದ. ಸ್ಟೋರ್ ಕೀಪರು, ಇವರು ಮುಟ್ಟಿದ ಮೀಟರು ಎರಡನೇ ಸಲ ರಿಪೇರಿಗೆ ಬಂದದ್ದನ್ನು ತಾನು ಕಂಡಿಲ್ಲ ಎಂದರು. ಇದೆಲ್ಲ ನಿಜವೇ. ಯಾರೂ ಇದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಭಾವ ಎಲ್ಲವನ್ನೂ ಕೇಳಿದರು. ಇವರಿಗೆಲ್ಲ ರೆಸಾರ್ಟಿನ ಆಸೆ ಹತ್ತಿದೆ, ಜೊತೆಯಲ್ಲಿ ಕರೆದುಕೊಂಡು ಹೋಗಲಿ ಎಂದು ಹೀಗೆ ಸುತ್ತುತ್ತಿದ್ದಾರೆ ಎಂದು ಅವರಿಗೆ ಹೊಳೆಯಿತು. ದೊಡ್ಡ ಮನಸ್ಸಿನ ಮನುಷ್ಯ. ಬಿಲ್ ವಿಭಾಗದಾಕೆಯ ತಲೆ ಸವರಿ, “ಅಳಬೇಡಮ್ಮ, ಇಷ್ಟ ಇದ್ರೆ ನೀನೂ ನಮ್ಮ ಜೊತೆ ಬಂದ್ಬಿಡು. ಜಾಗಕ್ಕೇನು ಬರ ಇಲ್ಲ” ಅಂದರು. ಆಕೆ ಆ ಮಧ್ಯಾಹ್ನವೇ ಅರ್ಧ ದಿನ ರಜೆ ಹಾಕಿ ಮನೆಗೆ ಹೋದಳು.

ಗುರುವಾರ ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಬ್ಯಾಗುಗಳು ಬಾಗಿಲ ಹತ್ತಿರ ಸಾಲಾಗಿ ನಿಂತಿದ್ದವು. ಅಕ್ಕ ಯಾವುದೋ ಹಾಡು ಗುನುಗುತ್ತ ಮಿಕ್ಕ ಬಟ್ಟೆಗಳನ್ನು ಮಡಿಚುತ್ತಿದ್ದಳು. ಟೈಪಿಸ್ಟರು ತಮ್ಮ ಬಿಸಿಲು ಟೋಪಿಯನ್ನು ಭಾವನಿಗೆ ಕೊಡಲು ತಂದಿದ್ದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಅಧಿಕಾರಿ, ಸ್ಟೋರ್ ಕೀಪರು, ಡ್ರೈವರು, ಅವರ ಹಿಂದೆ ಇನ್ನೂ ಕೆಲವರು, ಎಲ್ಲರೂ ತಲೆ ತಗ್ಗಿಸಿಕೊಂಡು ಒಳಗೆ ಬಂದರು. ಕಚೇರಿಯವರು ಬೀಳ್ಕೊಡಲು ಬಂದಿದ್ದಾರೆ ಎಂದು ಭಾವ ಸಂಭ್ರಮದಿಂದ ಕುರ್ಚಿ ಎಳೆದರು.

ಅಧಿಕಾರಿ ಕೂರಲಿಲ್ಲ. ಅಕ್ಕನಿಗೆ ಕೈಮುಗಿದು, ಇನ್ನೊಂದು ಸಲ ಯೋಚನೆ ಮಾಡಬೇಕೆಂದು ಬೇಡಿಕೊಂಡರು.

“ಮದುವೆ ಆದಾಗಿಂದ ಯೋಚನೆ ಮಾಡ್ತಾನೇ ಇದೀನಿ ಸರ್,” ಎಂದಳು ಅಕ್ಕ. “ಈಗ ಕಾಲ ಕೂಡಿ ಬಂದಿದೆ. ತಡೀಬೇಡಿ.”

“ನಿಮಗೊಬ್ಬ ಮಗಳಿದಾಳಲ್ಲಮ್ಮ.”

“ಹಾಸ್ಟೆಲ್‌ನಲ್ಲಿದಾಳೆ. ಫೋನಲ್ಲಿ ಹೇಳಿದ್ವಿ. ನಾನೂ ಬರ್ತೀನಿ ಅಂತ ಒಂದೇ ಹಟ. ನಿನಗೆ ಪರೀಕ್ಷೆ ಇದೆ, ನೀನು ಆಮೇಲೆ ಬರುವೆಯಂತೆ ಅಂದೆ.”

ಅಧಿಕಾರಿ ಗೋಡೆ ಹಿಡಿದುಕೊಂಡರು. ಮೂಲೆಯಲ್ಲಿ ಕೂತಿದ್ದ ದೊಡ್ಡಕ್ಕನಿಗೆ ಇದೇ ಸಮಯವೆಂದು ಕಂಡಿತು. ಸರ್, ನೀವಾದರೂ ನ್ಯಾಯ ಹೇಳಿ ಎಂದು ಶುರುಮಾಡಿದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು, ಇವರಿಬ್ಬರೇ ಹೋಗಿ ನನ್ನನ್ನು ಬಿಟ್ಟರೆ ಹೇಗೆ, ನನಗೂ ಈ ಸೊಂಟದಿಂದ ಸಾಕುಸಾಕಾಗಿದೆ, ನನ್ನದೂ ಎಲ್ಲ ಸಿದ್ಧವಿದೆ ಎಂದು ಸೂಟ್‌ಕೇಸು ತಟ್ಟಿ ತೋರಿಸಿದರು. ಡ್ರೈವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಅಧಿಕಾರಿಯ ಧ್ವನಿ ಈಗ ಬರೀ ಗಾಳಿಯಾಗಿತ್ತು. “ಅಮ್ಮಾ, ಕೇಳಬಾರದು, ಆದ್ರೂ ಕೇಳ್ತೀನಿ. ಹೇಗೆ ಅಂತ?”

“ಬಸ್ಸಲ್ಲಿ,” ಎಂದಳು ಅಕ್ಕ. “ನನಗೆ ಕಿಟಕಿ ಸೀಟು ಕೊಡ್ತೀನಿ ಅಂದಿದಾರೆ.”

ಅಧಿಕಾರಿ ಬ್ಯಾಗುಗಳನ್ನು ಈಗ ಮೊದಲ ಸಲ ನೋಡಿದವರಂತೆ ನೋಡಿದರು. ಅಲ್ಲಿಂದ ಅವರ ಕಣ್ಣು ಟೈಪಿಸ್ಟರ ಕೈಯ ಟೋಪಿಯ ಮೇಲೆ ಹೋಯಿತು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಬಹಳ ಎಚ್ಚರದಿಂದ ಕೇಳಿದರು. ಲಾಸ್ಟ್ ರೆಸಾರ್ಟಿಗೆ, ವಿಳಾಸ ಬೆಳಿಗ್ಗೆ ಡಾಕ್ಟರು ಕೊಡುತ್ತಾರೆ, ಪೂರ್ವ ದಿಕ್ಕಿನ ಕೋಣೆ ಕೇಳಬೇಕಂತೆ ಎಂದರು ಭಾವ.

ಅಧಿಕಾರಿ ಆಗ ಕುರ್ಚಿಯಲ್ಲಿ ಕುಸಿದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಮತ್ತೆ ಸಾವರಿಸಿಕೊಂಡು, ಆ ಪದಕ್ಕೆ ಇರುವ ಅರ್ಥವನ್ನು, ಡಾಕ್ಟರು ಹೇಳಿದ್ದು ಬಹುಶಃ ಆಪರೇಷನ್ ಎಂಬುದನ್ನು, ತಾವು ಏನೆಂದು ತಿಳಿದು ನಾಲ್ಕು ದಿನ ನಿದ್ದೆಗೆಟ್ಟಿದ್ದರು ಎಂಬುದನ್ನು ಒಂದೊಂದಾಗಿ ಹೇಳಿದರು. ಎಲ್ಲರೂ ಟೈಪಿಸ್ಟರ ಕಡೆ ತಿರುಗಿದರು. ಅವರು ಟೋಪಿಯನ್ನು ತಮ್ಮ ತಲೆಗೇ ಹಾಕಿಕೊಂಡು, ಷಡ್ಡಕ ಹೋದದ್ದು ಬೇರೆ ಶಾಖೆ ಇರಬಹುದು ಎಂದು ಹೇಳಿ ಬಾಗಿಲ ಕಡೆ ನಡೆದರು.

ಅಕ್ಕ ಮಂಚದ ಹತ್ತಿರ ಹೋದಳು. ಮಡಿಚಿಟ್ಟ ಬಟ್ಟೆಗಳನ್ನು ಬ್ಯಾಗಿನಿಂದ ಒಂದೊಂದಾಗಿ ತೆಗೆದು ಮಂಚದ ಮೇಲಿಡಲು ಶುರುಮಾಡಿದಳು. ಆ ಹಾಡು ನಿಂತಿತ್ತು. ಇಷ್ಟು ಜನರ ಮುಂದೆ ಅದನ್ನು ನೋಡುವುದು ಕಷ್ಟವಾಗುತ್ತಿತ್ತು. ಅಧಿಕಾರಿ, ಪದವೇನೋ ಒಳ್ಳೆಯದೇ, ಸರಿಯಾದ ಕಡೆ ಬಳಸಬೇಕು ಅಷ್ಟೆ ಎಂದರು. ಉದಾಹರಣೆಗೆ, ದಾರಿ ತಪ್ಪಿದವನು ಮೊದಲು ತಾನೇ ಹುಡುಕುತ್ತಾನೆ, ಆಮೇಲೆ ಫೋನಿನಲ್ಲಿ ನೋಡುತ್ತಾನೆ, ಯಾವುದೂ ಆಗದಿದ್ದರೆ ಲಾಸ್ಟ್ ರೆಸಾರ್ಟ್ ಎಂದು ದಾರಿಹೋಕರನ್ನು ಕೇಳುತ್ತಾನೆ. ಹೀಗೆ.

ಭಾವ ಕಿವಿಗೊಟ್ಟು ಕೇಳಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಳ್ಳಲಿಲ್ಲ.

“ನನಗೆ ಗೊತ್ತಿರಲಿಲ್ಲ ಸರ್,” ಅಂದರು.

ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಬಾಗಿಲ ಹತ್ತಿರ ಟೈಪಿಸ್ಟರೂ ನಿಂತರು.

“ನಾನೂ ಒಂದು ವಾಕ್ಯ ಮಾಡ್ಲಾ ಸರ್? ತಪ್ಪಿದ್ರೆ ತಿದ್ದಿ,” ಎಂದರು ಭಾವ. “ನನಗೆ ಏನೇ ಬಂದ್ರೂ ಮೊದಲು ಡಾಕ್ಟ್ರನ್ನ ಕೇಳ್ತೀನಿ. ಆಫೀಸಲ್ಲಿ ನಿಮ್ಮನ್ನ ಕೇಳ್ತೀನಿ. ಎದುರು ಮನೆಯವರನ್ನ ಕೇಳ್ತೀನಿ. ಇವಳನ್ನ ಕೇಳೋದು ಮಾತ್ರ ಲಾಸ್ಟ್ ರೆಸಾರ್ಟ್. ಇಷ್ಟು ವರ್ಷವೂ ಹಾಗೇ ಮಾಡ್ದೆ. ಸರಿ ಇದೆಯಾ?”

ಅಧಿಕಾರಿ ಒಮ್ಮೆ ಅಕ್ಕನ ಕಡೆ ನೋಡಿ, “ಸರಿ ಇದೆ. ಎಲ್ಲೂ ತಪ್ಪಿಲ್ಲ,” ಎಂದರು.

ಅಕ್ಕನ ಕೈ ಒಂದು ಟವೆಲ್ಲಿನ ಮೇಲೆ ನಿಂತಿತ್ತು. ತಿರುಗಿ ನೋಡದೆಯೇ ಹೇಳಿದಳು.

“ಹಾಗಾದ್ರೆ ಈಗ ಕೇಳಿ.”

“ಏನು?”

“ಯಾರನ್ನೂ ಕೇಳೋದು ಬಾಕಿ ಇಲ್ವಲ್ಲ. ನನ್ನನ್ನ ಕೇಳಿ.”

ಭಾವ ಎದ್ದುನಿಂತರು. ಕುಂಟುವುದನ್ನು ಮರೆತು ನೆಟ್ಟಗೆ ನಡೆದು ಮಂಚದ ಹತ್ತಿರ ಹೋದರು. “ಈಗ ಏನ್ ಮಾಡೋಣ ಹೇಳು,” ಎಂದರು.

“ಹೋಗೋಣ,” ಎಂದಳು ಅಕ್ಕ. ಟವೆಲ್ಲನ್ನು ವಾಪಸ್ಸು ಬ್ಯಾಗಿಗೆ ಹಾಕಿದಳು. “ಯಾವ ರೆಸಾರ್ಟ್ ಆದ್ರೂ ಸರಿ. ಇಬ್ರೇ.”

ಆ ಕಡೆಯ ಮಾತು ದೊಡ್ಡಕ್ಕನಿಗೆ ಹೇಳಿದ್ದು. ದೊಡ್ಡಕ್ಕ ಸೂಟ್‌ಕೇಸನ್ನು ಕಾಲಿನಿಂದ ಕುರ್ಚಿಯ ಕೆಳಗೆ ತಳ್ಳಿ, ಸೊಂಟ ಈಗ ಸ್ವಲ್ಪ ವಾಸಿ ಎಂದರು. ಸ್ಟೋರ್ ಕೀಪರು ಕಣ್ಣೊರೆಸಿಕೊಂಡು, ಕೆರೆಯ ದಂಡೆಯಲ್ಲಿ ತಮಗೆ ಗೊತ್ತಿದ್ದವರ ಒಂದು ವಸತಿಗೃಹ ಇದೆ, ಈಜುಕೊಳ ಇಲ್ಲ, ಆದರೆ ಕೆರೆ ಇದೆ, ಈಗಲೇ ಹೇಳಿ ಕೋಣೆ ಹಿಡಿಸುತ್ತೇನೆ ಎಂದರು. ಅಧಿಕಾರಿ ಅಲ್ಲೇ ನಿಂತು ರಜೆ ಕೊಟ್ಟರು. ಕೊಡುವಾಗ ಭಾವನ ಎರಡೂ ಕೈ ಹಿಡಿದು, ನೀವು ಬೇಗ ವಾಪಸ್ಸು ಬರಬೇಕು, ನಮಗೆ ನೀವು ಬೇಕು ಅಂದರು. ನಾಲ್ಕು ದಿನದಿಂದ ಬಾಯಿಪಾಠ ಮಾಡಿದ್ದ ಮಾತು ಅದು. ಆದರೂ ಹೇಳಿ ಮುಗಿದ ಮೇಲೂ ಕೈ ಬಿಡಲಿಲ್ಲ.

ಶುಕ್ರವಾರ ಇಬ್ಬರೂ ಹೋದರು. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಬಸ್ಸು ತಿರುವು ದಾಟುವವರೆಗೂ ನನ್ನ ಕಡೆ ನೋಡಲೇ ಇಲ್ಲ, ಮುಂದಿನ ದಾರಿ ನೋಡುವುದರಲ್ಲೇ ಇದ್ದಳು.

ಅಂದು ಸಂಜೆಯೇ ಭಾವನ ಫೋನು ಬಂತು. ವಸತಿಗೃಹದ ಲಿಫ್ಟು ಕೆಟ್ಟಿದೆಯಂತೆ. ಕೋಣೆ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿದೆಯಂತೆ. ಅಕ್ಕ ಹತ್ತಿ ಹೋಗಿ ಕೆರೆಯ ಕಡೆಯ ಕಿಟಕಿಯಲ್ಲಿ ಕೂತುಬಿಟ್ಟಿದ್ದಾಳಂತೆ. ಕೆಳಗಿನ ಕೋಣೆಗೆ ಬದಲಾಯಿಸಿಕೊಳ್ಳೋಣ ಎಂದರೆ ಕೆಳಗಿನಿಂದ ಕೆರೆ ಕಾಣುವುದಿಲ್ಲ ಎನ್ನುತ್ತಾಳಂತೆ. ಕಾಫಿಯೂ ಮೇಲೆಯೇ ಇದೆಯಂತೆ. ಭಾವ ಕೆಳಗಡೆ ಮೊದಲ ಮೆಟ್ಟಿಲ ಮೇಲೆ ಕೂತು ಫೋನು ಮಾಡುತ್ತಿದ್ದರು. ನಾನು ಏನೂ ಸಲಹೆ ಕೊಡಲಿಲ್ಲ. ಈ ಕಡೆ ನನ್ನ ಮನೆಗೆ ಇಳಿದು ಬಂದಿದ್ದ ದೊಡ್ಡಕ್ಕ ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚು ಎನ್ನುತ್ತಲೇ ಮೂರನೇ ಸಲ ಬಡಿಸಿಕೊಳ್ಳುತ್ತಿದ್ದರು.

ಮತ್ತೆ ಫೋನು ಬಂದದ್ದು ರಜೆ ಮುಗಿಯುವ ಹಿಂದಿನ ದಿನ, ಅದೂ ಅಕ್ಕನಿಂದ. ಅವಳು ಫೋನಿನಲ್ಲಿ ಹೆಚ್ಚು ಮಾತಾಡುವವಳಲ್ಲ. ಅಂದು ಮಾತ್ರ ಕೆರೆಯ ನೀರು ಬೆಳಿಗ್ಗೆ ಯಾವ ಬಣ್ಣ, ಮಧ್ಯಾಹ್ನ ಯಾವ ಬಣ್ಣ ಎಂದೆಲ್ಲ ಹೇಳಿದಳು. ತಾನು ಹೊಲಿದ ಯಾವ ಪರದೆಯಲ್ಲೂ ಆ ಬಣ್ಣ ಬಂದಿರಲಿಲ್ಲವಂತೆ. ಭಾವ ಪೇಪರಿಗೆ, ಕನ್ನಡಕಕ್ಕೆ, ಊಟಕ್ಕೆ ಎಂದು ಹತ್ತಿ ಇಳಿದು ಹತ್ತಿ ಇಳಿದು, ಈಗ ಮೆಟ್ಟಿಲ ಕಂಬಿ ಹಿಡಿಯುವುದನ್ನೂ ಬಿಟ್ಟಿದ್ದಾರಂತೆ. ಆ ಬೆಳಿಗ್ಗೆ ಕೆರೆ ಸುತ್ತಿ ಬಂದು ಅವಳಿಗಿಂತ ಮೊದಲು ಮೇಲೆ ಹೋಗಿ, ಇಷ್ಟು ಹೊತ್ತೇ ಎಂದು ಕೇಳಿದರಂತೆ.

ಸರಿ, ನಾಳೆ ಎಷ್ಟು ಹೊತ್ತಿಗೆ ಬಸ್ಸು, ನಿಲ್ದಾಣಕ್ಕೆ ಬರುತ್ತೇನೆ ಎಂದೆ. ಅಕ್ಕ ಫೋನಿಗೆ ಕೈ ಅಡ್ಡ ಹಿಡಿದಳು. ಹಿಂದಿನಿಂದ ಭಾವ ಏನೋ ಪಿಸುಗುಟ್ಟುವುದೂ, ಇವಳು ಅವರನ್ನು ಸುಮ್ಮನಿರಿಸುವುದೂ ಕೇಳಿಸಿತು.

“ಇನ್ನೊಂದು ವಾರ ರಜ ಬೇಕಾಗುತ್ತೆ ಕಣೋ,” ಎಂದಳು. “ನೀನೇ ಅವರ ಆಫೀಸಿಗೆ ಹೋಗಿ ಹೇಳಿಬಿಡು.”

“ಏನಂತ ಹೇಳ್ಲಿ?”

“ಏನಾದ್ರೂ ಹೇಳು. ಇಂಗ್ಲಿಷಲ್ಲಿ ಮಾತ್ರ ಹೇಳ್ಬೇಡ.”